ನಲವತ್ತೊಂದನೇ ಒಲೆ

"ಇನ್ನೊಂದ್ಸಲ ಓದಿ," ಎಂದಳು ಡಾರ್ಲಾ.

ಪುರಾತತ್ವದ ನೀಲ್ ವಾಂಡರ್‌ಮೀರ್ ಓದುವ ಬದಲು ಕಂಪ್ಯೂಟರಿನ ಪರದೆಯನ್ನೇ ಅವಳ ಕಡೆ ತಿರುಗಿಸಿದ. ಓದಿದರೂ ಅಷ್ಟೆ, ನೋಡಿದರೂ ಅಷ್ಟೆ. ನಲವತ್ತೊಂದನೇ ಒಲೆಯಿಂದ ಕಾರ್ಬನ್ ಪರೀಕ್ಷೆಗೆ ಕಳಿಸಿದ್ದ ಮೂರು ಮೆಕ್ಕೆಜೋಳದ ಕಾಳುಗಳಲ್ಲಿ ಒಂದರ ವಯಸ್ಸು ಸಾವಿರದ ಮುನ್ನೂರು ವರ್ಷ, ಮೂವತ್ತು ವರ್ಷ ಆಚೀಚೆ. ಉಳಿದ ಎರಡರ ಮುಂದೆ ಲ್ಯಾಬಿನವರು ಒಂದೇ ಪದ ಬರೆದಿದ್ದರು: ಆಧುನಿಕ.

"ಆಧುನಿಕ ಅಂದ್ರೆ?" ಕ್ಯಾಬಿನ್ನಿನ ಬಾಗಿಲಲ್ಲಿ ನಿಂತು ಬೂಟಿನ ಕೆಸರು ಕೆರೆಯುತ್ತಿದ್ದ ಡೆಲ್ಬರ್ಟ್ ಕೇಳಿದ.

"ಅಣುಬಾಂಬ್ ಪರೀಕ್ಷೆಗಳೆಲ್ಲ ಆದ್ಮೇಲೆ ಬೆಳೆದ ಕಾಳು ಅಂತ. ಆಗ ಗಾಳೀಲಿ ಸೇರಿದ್ದು ಕಾಳಿನೊಳಗೂ ಸೇರಿರುತ್ತೆ, ಮುಚ್ಚಿಡೋಕಾಗಲ್ಲ. ಇವಂತೂ ತೀರಾ ಈಚಿನವು. ಹತ್ತು ವರ್ಷ ಆಗಿದ್ರೆ ಹೆಚ್ಚು," ಎಂದ ನೀಲ್.

"ಭೇಷ್! ಕೊನೆಗೂ ಯಾರೋ ಒಬ್ರು ನಮ್ಮೋರನ್ನ ಆಧುನಿಕ ಅಂದ್ರಪ್ಪಾ."

ಯಾರೂ ನಗಲಿಲ್ಲ. ಡೆಲ್ಬರ್ಟ್ ಬೂಟು ಕೆರೆಯುವುದನ್ನು ಮುಂದುವರಿಸಿದ.

ಡಾರ್ಲಾ ಹೆನ್‌ಹಾಕ್ ಮತ್ತು ಡೆಲ್ಬರ್ಟ್ ನಮ್ಮ ರಿಸರ್ವ್‌ನ ಪರವಾಗಿ ಅಲ್ಲಿದ್ದವರು; ರಿಸರ್ವ್ ಎಂದರೆ ಈ ನೆಲದ ಮೂಲನಿವಾಸಿಗಳಾದ ನಮಗೆ ಸರ್ಕಾರ ಉಳಿಸಿಕೊಟ್ಟ ತುಂಡು ಜಾಗ. ಗ್ರ್ಯಾಂಡ್ ನದಿಯ ಬಯಲಲ್ಲಿ ಯಾರು ಏನೇ ಕಟ್ಟಲಿ, ಮೊದಲು ಪುರಾತತ್ವದವರು ಬಂದು ನೆಲ ನೋಡಬೇಕು; ಅವರು ನೋಡುವುದನ್ನು ನಮ್ಮವರಿಬ್ಬರು ನಿಂತು ನೋಡಬೇಕು. ನೋಡಬಹುದು, ಕೇಳಬಹುದು, ಪುಸ್ತಕದಲ್ಲಿ ಬರೆದುಕೊಳ್ಳಬಹುದು. ನಿಲ್ಲಿಸುವ ಅಧಿಕಾರ ಮಾತ್ರ ಇಲ್ಲ. ಆ ಅಧಿಕಾರದ ಬದಲಿಗೆ ಒಂದು ಕಿತ್ತಳೆ ಬಣ್ಣದ ಜಾಕೆಟ್ಟು, ಒಂದು ಹೆಲ್ಮೆಟ್ಟು ಕೊಡುತ್ತಾರೆ. ಡಾರ್ಲಾ ಒಂಬತ್ತು ವರ್ಷದಿಂದ ಆ ಜಾಕೆಟ್ಟು ಹಾಕಿಕೊಂಡು ಹದಿನಾಲ್ಕು ಹಳೆಯ ಊರುಗಳನ್ನು ನೋಡಿದ್ದಾಳೆ. ಹದಿನಾಲ್ಕೂ ಈಗ ಮನೆಗಳ ಕೆಳಗೋ, ಡಾಂಬರಿನ ಕೆಳಗೋ ಇವೆ.

ಇದು ಹದಿನೈದನೆಯದು. ಇಲ್ಲಿ ಗೋದಾಮು ಬರುವುದಿತ್ತು, ತೊರೆಯ ಮೇಲಿನ ದಿಣ್ಣೆಯಲ್ಲಿ ಲಾರಿಗಳು ನಿಲ್ಲುವುದಿತ್ತು. ಆ ದಿಣ್ಣೆಯಲ್ಲೇ ಊರಿನ ಗುರುತು ಸಿಕ್ಕಿದ್ದು: ಗೂಟ ನೆಟ್ಟ ಜಾಗದಲ್ಲಿ ಮಣ್ಣಿನ ಕರಿ ಬೊಟ್ಟುಗಳ ಸಾಲು, ಧಾನ್ಯದ ಗುಂಡಿಗಳು, ಬೆಂಕಿಗೆ ಕೆಂಪಾದ ಒಲೆಗಳು. ಬಿಳಿಯ ರೈತರು ನೂರೈವತ್ತು ವರ್ಷ ನೇಗಿಲು ಹೊಡೆದು ಮೇಲಿನದೆಲ್ಲ ಕಲಸಿಹಾಕಿದ್ದರು. ಇಳಿಜಾರಿನ ಕೊನೆಗಿದ್ದ ನಲವತ್ತೊಂದನೇ ಒಲೆಯೊಂದು ಮಾತ್ರ ಜಾರಿದ ಮಣ್ಣಿನಡಿ ಮುಟ್ಟದ ಹಾಗೆ ಉಳಿದಿತ್ತು. ನಮ್ಮ ಹೆಂಗಸರು ಬೇಸಿಗೆಯಿಡೀ ಗೇಟಿನ ಮುಂದೆ ಕುರ್ಚಿ ಹಾಕಿಕೊಂಡು ಕೂತ ಮೇಲೆ ಕಂಪನಿಯವರು ಒಂದು ಮಾತಿಗೆ ಬಂದರು, ಕಾಗದದ ಮೇಲೆ. ಆ ಒಲೆ ಸಾವಿರ ವರ್ಷಕ್ಕಿಂತ ಹಳೆಯದು, ಆಮೇಲೆ ಯಾವ ಕೈಯೂ ತಾಗದ್ದು ಎಂದು ಪರೀಕ್ಷೆ ಹೇಳಿದರೆ ದಿಣ್ಣೆಯನ್ನು ಬಿಡುತ್ತೇವೆ, ಲಾರಿಗಳನ್ನು ರಸ್ತೆಯ ಕಡೆ ನಿಲ್ಲಿಸುತ್ತೇವೆ. ಹೇಳದಿದ್ದರೆ ಅಕ್ಟೋಬರ್ ಕೊನೆಯ ಸೋಮವಾರ ಮಣ್ಣು ತೆಗೆಯುತ್ತೇವೆ.

ಇವತ್ತು ಗುರುವಾರ.

"ಮುಟ್ಟದ ಒಲೆ ಅಂತ ನಾನೇ ಸಹಿ ಹಾಕಿದೀನಿ," ಎಂದ ನೀಲ್. "ಪದರ ಪದರ ಬಿಡಿಸಿದ್ದು ನಾನೇ. ಅಲ್ಲಿ ಇಲಿ ಬಿಲ ಕೂಡ ಇರ್ಲಿಲ್ಲ. ಹೆಂಗ್ ಬಂತು ಇದು?"

"ಕಾಳಿನ ಫೋಟೊ ಇದೆಯಾ? ಕಳಿಸೋ ಮುಂಚಿಂದು?" ಡಾರ್ಲಾ ಕೇಳಿದಳು.

ಫೋಟೊ ಇತ್ತು. ಮೂರು ಕಾಳು, ಪಕ್ಕದಲ್ಲಿ ಅಳತೆಪಟ್ಟಿ. ಒಂದು ಸಣ್ಣದು, ಮುರುಟಿದ್ದು. ಎರಡು ದುಂಡಗೆ, ಅಗಲವಾಗಿ, ಇದ್ದಿಲಾಗಿದ್ದರೂ ಹೊಳೆಯುತ್ತಿದ್ದವು.

ಆ ಎರಡನ್ನು ಆರಿಸಿದ್ದು ಡಾರ್ಲಾ. ಒಲೆಯ ಮಣ್ಣನ್ನು ಪೀಪಾಯಿಯ ನೀರಿಗೆ ಸುರಿದಾಗ ಸುಟ್ಟ ಕಾಳು ಮೇಲೆ ತೇಲುತ್ತದೆ. ಅದನ್ನು ಬಟ್ಟೆಯಲ್ಲಿ ಸೋಸಿ ಒಣಗಿಸಿದ ದಿನ ನೀಲ್ ಚಿಮಟವನ್ನು ಅವಳ ಕೈಗೆ ಕೊಟ್ಟು, "ಎರಡು ನೀವ್ ಆರಿಸಿ, ಒಂದು ನಾನ್ ಆರಿಸ್ತೀನಿ," ಎಂದಿದ್ದ. ಒಂಬತ್ತು ವರ್ಷದಲ್ಲಿ ಯಾರೂ ಅವಳಿಗೆ ಚಿಮಟ ಕೊಟ್ಟಿರಲಿಲ್ಲ. ಅವಳು ಖುಷಿಯಲ್ಲಿ ಎಲ್ಲಕ್ಕಿಂತ ಚೆಂದದ ಎರಡು ಕಾಳು ಹುಡುಕಿ ತೆಗೆದಳು. ಥೇಟು ನಮ್ಮ ಮನೆಯ ಕಾಳಿನ ಹಾಗೇ ಇದೆಯಲ್ಲ, ಎಂಥಾ ಬೆಳೆ ತೆಗೆದಿದ್ದಾರಪ್ಪ ನಮ್ಮ ಹಿರಿಯರು ಎಂದು ಹೆಮ್ಮೆಪಟ್ಟಳು. ಡೆಲ್ಬರ್ಟ್‌ನನ್ನು ಕರೆದು ತೋರಿಸಿದಳು ಕೂಡ.

ಈಗ ಅವಳು ಅದೇ ಫೋಟೊವನ್ನು ಇನ್ನೊಂದು ಸಲ ನೋಡಿದಳು. ನಮ್ಮ ಮನೆಯ ಕಾಳಿನ ಹಾಗೆ ಇರುವುದೇನು ಬಂತು. ಅದು ನಮ್ಮ ಮನೆಯ ಕಾಳೇ.

ಸೆಪ್ಟೆಂಬರಿನ ಒಂದು ಭಾನುವಾರ ಮಧ್ಯಾಹ್ನ ಅವಳು ಅರ್ಡಿತ್ ದೊಡ್ಡಮ್ಮನನ್ನು ಇಲ್ಲಿಗೆ ಕರೆತಂದಿದ್ದಳು. ಒಲೆ ಅರ್ಧ ತೆರೆದಿತ್ತು, ಮರುದಿನ ಪೂರ್ತಿ ತೆಗೆಯುವವರಿದ್ದರು. ಅಷ್ಟರೊಳಗೆ ಒಂದು ಸಲ ನೋಡಬೇಕು ಎಂದು ದೊಡ್ಡಮ್ಮ ವಾರದಿಂದ ಪ್ರಾಣ ತಿನ್ನುತ್ತಿದ್ದಳು. ಅವಳಿಗೆ ಎಪ್ಪತ್ತೆಂಟು, ಮಂಡಿ ಎರಡೂ ಹೋಗಿವೆ, ಆದರೂ ಇಳಿಜಾರನ್ನು ಕೂತು ಕೂತು ಇಳಿದಳು. ಒಲೆಯ ಹತ್ತಿರ ಹೋಗಿ, "ನೀನು ಗಾಡಿ ಹತ್ರ ಇರು ಹೋಗು," ಎಂದಳು. ಸತ್ತವರ ಜೊತೆ ಒಬ್ಬರು ಮಾತಾಡುವಾಗ ಇನ್ನೊಬ್ಬರು ನೋಡುತ್ತ ನಿಲ್ಲುವುದು ನಮ್ಮಲ್ಲಿ ಮರ್ಯಾದೆಯಲ್ಲ. ಡಾರ್ಲಾ ಬೆನ್ನು ತಿರುಗಿಸಿ ನಿಂತಳು. ಸತ್ತವರಿಗೆ ಅರ್ಪಿಸುವ ಹೊಗೆಸೊಪ್ಪು ಸುಡುವ ವಾಸನೆ ಬಂತು. ಅರ್ಧ ಗಂಟೆಯಾದ ಮೇಲೆ ದೊಡ್ಡಮ್ಮ ಕೈ ಒರೆಸಿಕೊಳ್ಳುತ್ತ ಮೇಲೆ ಬಂದಳು. "ಎಲ್ಲ ಚೊಕ್ಕ ಮಾಡಿ ಬಂದಿದೀನಿ," ಎಂದಳು. ಡಾರ್ಲಾ ಆಗ ನಕ್ಕಿದ್ದಳು.

ಅವಳು ನೀಲ್‌ನನ್ನು ಹೊರಗೆ ಕರೆದು, ಮಣ್ಣು ಸೋಸುವ ದೊಡ್ಡ ಜರಡಿಗಳ ಮರೆಯಲ್ಲಿ ನಿಂತು, ಎಲ್ಲ ಹೇಳಿದಳು.

ನೀಲ್ ತಿರುಗಿ ಕ್ಯಾಬಿನ್ನಿನ ಬಾಗಿಲು ಮುಚ್ಚಿದೆಯೇ ಎಂದು ನೋಡಿದ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಎಷ್ಟೋ ಸುಲಭವಿತ್ತು, ಜಗಳ ಕಾಯಬಹುದಿತ್ತು.

"ಡಾರ್ಲಾ, ನೀವು ಈಗ ಹೇಳಿದ್ದು ನಂಗೆ ಕೇಳಿಸ್ಲಿಲ್ಲ. ಆಯ್ತಾ?"

"ಯಾಕೆ? ನಿಜಾನೇ ಅಲ್ವಾ ಹೇಳಿದ್ದು?"

"ನಿಜ ಹೇಳಿದ್ರೆ ಕಂಪನಿಯೋರು ಏನಂತಾರೆ ಗೊತ್ತಾ? ರಿಸರ್ವ್‌ನೋರು ಒಲೇಲಿ ಕಾಳು ತಂದಿಟ್ರು ಅಂತಾರೆ. ಇದೊಂದಲ್ಲ, ನೀವು ನಿಂತಿದ್ದ ಹದಿನಾಲ್ಕು ಊರಿನ ವರದೀನೂ ಎತ್ತಾಡ್ತಾರೆ." ಅವನು ದನಿ ಇಳಿಸಿದ. "ಚೀಲದಲ್ಲಿ ಇನ್ನೂ ಮೂವತ್ತು ಕಾಳಿದೆ. ನಾಳೆ ಕಂಪನಿಯ ಜಾನೆಟ್ ಕ್ರೌಸ್ ಬರ್ತಾರೆ. ಎರಡು ಕಾಳಿನ ಲೆಕ್ಕ ಯಾಕೋ ಕೂಡ್ತಿಲ್ಲ, ಲ್ಯಾಬಲ್ಲೇ ಏನಾದ್ರೂ ಬೆರೆತಿರಬಹುದು, ಇನ್ನೈದು ಕಾಳು ಕಳಿಸೋಣ ಅಂತ ಕೇಳ್ತೀನಿ. ಈ ಸಲ ಸಣ್ಣವೇ ಆರಿಸ್ತೀನಿ. ಒಪ್ಪಿದ್ರೆ ಆರು ವಾರ ಸಿಗುತ್ತೆ."

"ಒಪ್ತಾರಾ?"

"ಗೊತ್ತಿಲ್ಲ. ಅದೊಂದೇ ದಾರಿ ಇರೋದು. ನಿಮ್ಮ ದೊಡ್ಡಮ್ಮಂಗೆ ಮಾತ್ರ ಏನೂ ಹೇಳ್ಬೇಡಿ."

ಹೇಳಬಾರದೆಂದೇ ಡಾರ್ಲಾ ಸಂಜೆ ದೊಡ್ಡಮ್ಮನ ಮನೆಗೆ ಹೋದದ್ದು. ಹೇಳದೆ ಇರುವವರು ಮನೆಗೆ ಹೋಗಿ ಮಲಗುತ್ತಾರೆ, ಅಡುಗೆಮನೆಗೆ ಹೋಗಿ ಕೂರುವುದಿಲ್ಲ. ಆದರೆ ಆರು ವರ್ಷದವಳಿದ್ದಾಗ ತಾಯಿ ತೀರಿಕೊಂಡ ಮೇಲೆ ಅವಳು ಬೆಳೆದದ್ದೇ ಆ ಅಡುಗೆಮನೆಯಲ್ಲಿ. ಏನಾದರೂ ಕೆಟ್ಟದ್ದಾದಾಗ ಕಾಲು ತಾನಾಗಿ ಆ ಕಡೆ ಹೋಗುತ್ತಿತ್ತು.

ದೊಡ್ಡಮ್ಮ ಮೆಕ್ಕೆಜೋಳವನ್ನು ಬೂದಿ ಹಾಕಿ ಕುದಿಸಿ, ಸಿಪ್ಪೆ ಬಿಟ್ಟ ಕಾಳನ್ನು ಬುಟ್ಟಿಯಲ್ಲಿ ಹಾಕಿ ನಲ್ಲಿಯ ಕೆಳಗೆ ಕುಲುಕುತ್ತಿದ್ದಳು. ಶನಿವಾರ ನಮ್ಮ ಪೂಜೆ, ಸಭೆಗಳು ನಡೆಯುವ ಲಾಂಗ್‌ಹೌಸ್‌ನಲ್ಲಿ ಊಟವಿತ್ತು, ಇವಳದೇ ಸೂಪು.

"ಬಂತಾ ಕಾಗದ?" ತಿರುಗಿ ನೋಡದೆ ಕೇಳಿದಳು.

"ಇನ್ನೂ ಇಲ್ಲ."

"ನೀನು ಚಿಕ್ಕೋಳಿದ್ದಾಗ್ಲೂ ಸುಳ್ಳು ಹೇಳೋವಾಗ ಹಿಂಗೇ ಮೂಗು ಉಜ್ಜಿಕೊಳ್ತಿದ್ದೆ. ಏನ್ ಬಂತು ಹೇಳು."

ಡಾರ್ಲಾ ಮೂಗಿನಿಂದ ಕೈ ತೆಗೆದಳು. "ದೊಡ್ಡಮ್ಮ, ಆವತ್ತು ಒಲೆ ಹತ್ರ ಏನಾದ್ರೂ ಇಟ್ಟು ಬಂದ್ಯಾ?"

"ಒಳ್ಳೆ ಮಾತಾಯ್ತು! ಬರಿಗೈಲಿ ಹೋಗ್ತಾರಾ ಒಬ್ಬರ ಒಲೆ ಹತ್ರ?" ಬುಟ್ಟಿ ಕುಲುಕುವುದು ನಿಲ್ಲಲಿಲ್ಲ. "ನಮ್ಮ ಬೀಜದ ಕಾಳೇ ಕಬ್ಬಿಣದ ಬಾಣಲೇಲಿ ಇದ್ದಿಲಾಗೋ ತನಕ ಹುರಿದು ತಗೊಂಡು ಹೋಗಿದ್ದೆ. ಸುಟ್ಟದ್ದಾದ್ರೇನೇ ಅವರಿಗೆ ಮುಟ್ಟೋದು. ನಿಮ್ಮಜ್ಜಿ ಯಾರ ಹಳೇ ಒಲೆ ಕಂಡ್ರೂ ಹಿಂಗೇ ಮಾಡ್ತಿದ್ಲು, ನೀನೂ ನೋಡಿದೀಯ. ಹಂಗೇ ಮೇಲೆ ಬಿಟ್ರೆ ಕಾಗೆ ಕೆದಕಲ್ವಾ? ಚಮಚದಲ್ಲಿ ಒಳಗೆ ಒತ್ತಿ, ಮಣ್ಣು ಮುಚ್ಚಿ, ಅಂಗೈಲಿ ತಟ್ಟಿ ಸಮ ಮಾಡಿದೆ. ಯಾರಿಗೂ ಗೊತ್ತಾಗ್ಬಾರ್ದು, ಹಂಗೆ."

"ಯಾರಿಗೂ ಗೊತ್ತಾಗ್ಲಿಲ್ಲ," ಎಂದಳು ಡಾರ್ಲಾ. ಅಷ್ಟು ಹೇಳಿದ ಮೇಲೆ ಉಳಿದದ್ದನ್ನು ಹಿಡಿದಿಡಲು ಅವಳಿಂದ ಆಗಲಿಲ್ಲ.

ದೊಡ್ಡಮ್ಮ ನಲ್ಲಿ ನಿಲ್ಲಿಸಿದಳು. ಕುರ್ಚಿ ಎಳೆದುಕೊಂಡು ಕೂತಳು. ಒದ್ದೆ ಕೈಗಳನ್ನು ಒರೆಸಿಕೊಳ್ಳಲಿಲ್ಲ, ತೊಡೆಯ ಮೇಲೆ ಹಾಗೇ ಇಟ್ಟುಕೊಂಡಳು.

"ನಾನೇ ಕೆಡಿಸಿದೆ ಅನ್ನು."

"ಆರಿಸಿದ್ದು ನಾನು ದೊಡ್ಡಮ್ಮ. ಅಷ್ಟು ಕಾಳಲ್ಲಿ ಅವೆರಡನ್ನೇ ಆರಿಸಿದ್ದು ನಾನು."

"ಊಟ ಕೊಡೋಕೆ ಹೋಗಿ ಅವರ ಮನೆ ಕೆಡವಿ ಬಂದೆನಲ್ಲೇ," ಎಂದಳು ದೊಡ್ಡಮ್ಮ. ಅಳಲಿಲ್ಲ. ಅತ್ತಿದ್ದರೆ ಡಾರ್ಲಾಳಿಗೆ ಏನು ಮಾಡಬೇಕೆಂದು ಗೊತ್ತಿರುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ, "ಕಂಪನಿ ಆಯಮ್ಮ ನಾಳೆ ಎಷ್ಟು ಗಂಟೆಗೆ ಬರ್ತಾಳೆ?" ಎಂದು ಕೇಳಿದಳು.

"ಯಾಕೆ?"

"ನಾನ್ ಬಂದು ಹೇಳ್ತೀನಿ. ಎರಡು ನಂದು, ಒಂದು ಅವರ್ದು. ಸಾವಿರದ ಮುನ್ನೂರು ವರ್ಷ ಅಂತ ಅವರ ಲ್ಯಾಬೇ ಹೇಳಿದೆಯಲ್ಲ. ಲೆಕ್ಕ ಸರಿಹೋಯ್ತಲ್ಲ."

"ಸರಿಹೋಗಲ್ಲ. ಬೇಡ ದೊಡ್ಡಮ್ಮ, ನಿನ್ನ ದಮ್ಮಯ್ಯ. ನೀಲ್ ಇನ್ನೊಂದು ಪರೀಕ್ಷೆ ಕೇಳ್ತಾನೆ. ನೀನು ಸುಮ್ನೆ ಇದ್ರೆ ಸಾಕು."

"ಸುಳ್ಳು ಹೇಳಿ ಅವರ ಮನೆ ಉಳಿಸಬೇಕಾ?"

"ಸುಳ್ಳಲ್ಲ. ಸುಮ್ನೆ ಇರೋದು."

"ನಾನ್ ಮಾಡಿದ್ದಕ್ಕೆ ಲ್ಯಾಬಿನೋರ ಮೇಲೆ ತಪ್ಪು ಹೊರಿಸಿ, ನಾನ್ ಇಲ್ಲಿ ಸೂಪ್ ಮಾಡ್ಕೊಂಡು ಕೂತಿರಬೇಕಾ? ಅವರು ನೋಡಲ್ವಾ?" ಅವರು ಎಂದರೆ ಯಾರು ಎಂದು ಡಾರ್ಲಾ ಕೇಳಲಿಲ್ಲ. ಲ್ಯಾಬಿನವರಂತೂ ಅಲ್ಲ.

"ನಾನು ಕರ್ಕೊಂಡು ಹೋಗಲ್ಲ."

"ಬೇಡ ಬಿಡು. ಡೆಲ್ಬರ್ಟ್ ಇದಾನೆ."

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಡಾರ್ಲಾ ಕ್ಯಾಬಿನ್ನಿಗೆ ಬಂದಾಗ ದೊಡ್ಡಮ್ಮ ಆಗಲೇ ಒಳಗಿದ್ದಳು. ಮದುವೆಮನೆಗೆ ಹಾಕುವ ನೀಲಿ ಕೋಟು, ಮಣಿಯ ಕಿವಿಯೋಲೆ. ಡೆಲ್ಬರ್ಟ್ ಮೂಲೆಯಲ್ಲಿ ನಿಂತು ಹೆಲ್ಮೆಟ್ಟನ್ನು ಕೈಯಲ್ಲಿ ತಿರುಗಿಸುತ್ತಿದ್ದ. "ಕರ್ಕೊಂಡು ಬರಲ್ಲ ಅನ್ನೋಕೆ ನಂಗೆ ಧೈರ್ಯ ಎಲ್ಲಿದೆ ತಾಯಿ?" ಎಂದು ಡಾರ್ಲಾಳ ಕಿವಿಯಲ್ಲಿ ಹೇಳಿದ. ನೀಲ್‌ನ ಮುಖ ಬಿಳುಚಿತ್ತು. ಅವನು ಬಾಯಿ ತೆರೆಯುವ ಮೊದಲೇ ದೊಡ್ಡಮ್ಮ ಎಲ್ಲ ಹೇಳಿ ಮುಗಿಸಿದ್ದಳು. ಜಾನೆಟ್ ಕ್ರೌಸ್ ಪೆನ್ನು ತೆಗೆದಾಗಿತ್ತು.

ಕಂಪನಿಯ ಜಾನೆಟ್ ಕ್ರೌಸ್ ಐವತ್ತರ ಹೆಂಗಸು, ಮೆಲುದನಿ. ದೊಡ್ಡಮ್ಮನಿಗೆ ತಾನೇ ಕಾಫಿ ಬೆರೆಸಿ ಕೊಟ್ಟಿದ್ದಳು.

"ನೀವಾಗೇ ಬಂದು ಹೇಳಿದ್ದು ದೊಡ್ಡತನ ಮಿಸೆಸ್ ಸ್ಕೈ. ನಿಜವಾಗ್ಲೂ. ಎಷ್ಟು ಕಾಳು ಇಟ್ರಿ ಅಂತ ನೆನಪಿದೆಯಾ?"

"ಒಂದು ಹಿಡಿ."

"ಹಿಡಿ ಅಂದ್ರೆ, ಸುಮಾರು?"

"ಊಟಕ್ಕಿಡೋವಾಗ ಯಾರಮ್ಮ ಎಣಿಸ್ತಾರೆ?"

ಜಾನೆಟ್ ಅದನ್ನೂ ಬರೆದುಕೊಂಡಳು. ನೀಲ್ ಮುಂದೆ ಬಾಗಿದ. "ಜಾನೆಟ್, ಒಂದು ಕಾಳು ಹಳೇದು ಬಂದಿದೆ. ಅದು ನಿಜವಾದ ವಯಸ್ಸು. ಇನ್ನೈದು ಸಣ್ಣ ಕಾಳು ಕಳಿಸಿದ್ರೆ..."

"ಯಾವುದು ಅವರಿಟ್ಟಿದ್ದು, ಯಾವುದು ಅಲ್ಲ ಅಂತ ಈಗ ಹೇಗೆ ಹೇಳೋದು ನೀಲ್? ನಮ್ಮ ವಕೀಲರು ಕೇಳೋದೇ ಅದನ್ನ. ಎರಡು ಇಟ್ಟೋರು ಮೂರನೇದೂ ಇಟ್ಟಿರಬಹುದಲ್ಲ ಅಂತಾರೆ."

"ಸಾವಿರದ ಮುನ್ನೂರು ವರ್ಷದ ಕಾಳು ನಾನೆಲ್ಲಿಂದ ತರ್ಲಿ?" ಎಂದಳು ದೊಡ್ಡಮ್ಮ. ಅವಳಿಗೆ ನಗುವೇ ಬಂದಿತ್ತು. "ನಮ್ಮನೆ ಡಬ್ಬದಲ್ಲಿ ಹೋದ ವರ್ಷದ್ದೇ ಹುಳ ಹಿಡಿದಿದೆ."

"ನಾನು ಹಾಗನ್ನಲ್ಲ ಮಿಸೆಸ್ ಸ್ಕೈ. ನನ್ನ ಮಟ್ಟಿಗೆ ನಾನು ನಿಮ್ಮನ್ನ ನಂಬ್ತೀನಿ." ಜಾನೆಟ್ ಗಂಟಲು ಸರಿಮಾಡಿಕೊಂಡಳು. "ಆದ್ರೆ ಒಪ್ಪಂದದಲ್ಲಿ ಎರಡು ಮಾತಿತ್ತು. ಹಳೇದಾಗಿರಬೇಕು, ಯಾರ ಕೈಯೂ ತಾಗಿರಬಾರದು. ಕೈ ತಾಗಿದೆ ಅಂತ ನೀವೇ ಹೇಳ್ತಿದೀರಲ್ಲ."

ಡಾರ್ಲಾ ಬಾಯಿ ತೆರೆದಳು. ಹೇಳಬೇಕಾದ್ದೆಲ್ಲ ಅವಳಿಗೆ ಗೊತ್ತಿತ್ತು: ಕೈ ತಾಗಿದ್ದು ಮೇಲಿನ ಒಂದು ಚಮಚ ಮಣ್ಣಿಗೆ, ಕೆಳಗಿನ ಪದರ ಹಾಗೇ ಇತ್ತು, ಫೋಟೊ ಇದೆ, ನಕ್ಷೆ ಇದೆ. ಹೇಳಿದಳು ಕೂಡ, ಎರಡು ಸಲ ಹೇಳಿದಳು. ಜಾನೆಟ್ ತಲೆಯಾಡಿಸುತ್ತ ಕೇಳಿಸಿಕೊಂಡು, ನಿಮ್ಮ ಅಭಿಪ್ರಾಯವನ್ನೂ ವರದಿಯ ಹಿಂದೆ ಲಗತ್ತಿಸೋಣ ಎಂದಳು. ಲಗತ್ತಿಸುವುದೆಂದರೆ ಏನು ಎನ್ನುವುದು ಹದಿನಾಲ್ಕು ವರದಿಗಳಿಂದ ಡಾರ್ಲಾಳಿಗೆ ಚೆನ್ನಾಗಿ ಗೊತ್ತು.

"ಹೋಗ್ಲಿ," ಎಂದಳು ದೊಡ್ಡಮ್ಮ. "ಆ ಮೂರನೇ ಕಾಳು ನಂಗೆ ಕೊಡಿ. ಅವರ್ದು ಅದು. ತೊರೆ ಆಚೆ ದಡದಲ್ಲಾದ್ರೂ ಇಟ್ಟು ಬರ್ತೀನಿ."

ನೀಲ್ ಮೇಜು ನೋಡುತ್ತ ಹೇಳಿದ. "ಅದು ಇಲ್ಲ ಮಿಸೆಸ್ ಸ್ಕೈ. ಪರೀಕ್ಷೆ ಮಾಡೋದು ಅಂದ್ರೆ ಕಾಳನ್ನ ಪೂರ್ತಿ ಸುಡಬೇಕು. ಸುಟ್ಟು ಬರೋ ಗಾಳೀನ ಅಳೀತಾರೆ. ಏನೂ ಉಳಿಯಲ್ಲ."

"ಮೂರೂ?"

"ಮೂರೂ."

ದೊಡ್ಡಮ್ಮ ಕಾಫಿಯ ಲೋಟವನ್ನು ಮೇಜಿನ ಮೇಲೆ ಸ್ವಲ್ಪ ಆಚೆ ಸರಿಸಿದಳು. ಒಂದು ಗುಟುಕನ್ನೂ ಕುಡಿದಿರಲಿಲ್ಲ.

ಜಾನೆಟ್ ದೊಡ್ಡಮ್ಮ ಹೇಳಿದ್ದನ್ನೆಲ್ಲ ಟೈಪು ಮಾಡಿ, ಪುಟ್ಟ ಪ್ರಿಂಟರಿನಿಂದ ಹಾಳೆ ತೆಗೆದು ಮುಂದಿಟ್ಟಳು. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದಳು. ಒಂದು ಕಡೆ ಬೆರಳು ನಿಂತಿತು.

"ಇಲ್ಲಿ ನೋಡಿ. 'ಸ್ಥಳೀಯ ವ್ಯಕ್ತಿಯೊಬ್ಬರು' ಅಂತ ಹಾಕಿದೀರಿ. ಯಾರೋ ಏನೋ ಅನ್ನೋ ಹಂಗೆ. ನನ್ನ ಹೆಸರು ಹಾಕಿ."

"ನಿಮಗೆ ತೊಂದರೆ ಆಗಬಾರದು ಅಂತ ಬಿಟ್ಟಿದ್ದು."

"ಹಾಕಿ."

"ದೊಡ್ಡಮ್ಮ, ಸಾಕು, ಏಳು," ಎಂದಳು ಡಾರ್ಲಾ.

"ಇರೇ. ಮಾಡಿದ್ದು ನಾನಲ್ವಾ?"

ಜಾನೆಟ್ ತಿದ್ದಿ ಮತ್ತೆ ಮುದ್ರಿಸಿದಳು. ಆಮೆಯ ಕುಲದ ಅರ್ಡಿತ್ ಮೇ ಸ್ಕೈ ಎಂದು ಪೂರ್ತಿ ಹೆಸರು ಬಂದಿದೆಯೇ ಎಂದು ದೊಡ್ಡಮ್ಮ ಅಕ್ಷರ ಅಕ್ಷರ ನೋಡಿ ಸಹಿ ಹಾಕಿದಳು. ಶಾಲೆಯಲ್ಲಿ ಕಲಿಸಿದ ಉದ್ದನೆಯ ಓರೆ ಅಕ್ಷರ. ಹಾಳೆಯ ಅಂಚಿನ ತನಕ ಹೋಯಿತು. ಜಾನೆಟ್ ಇನ್ನೊಂದು ಪ್ರತಿ ತೆಗೆದು, ಮಡಿಸಿ, ಅವಳ ಕೈಗೆ ಕೊಟ್ಟಳು. ಎದ್ದು ನಿಂತು ಕೈ ಕುಲುಕಿದಳು. ನೀಲ್ ಬಾಗಿಲು ಹಿಡಿದುಕೊಂಡು ನಿಂತ. ಅವನ ಕಣ್ಣು ಕೆಂಪಾಗಿದ್ದವು, ಅದರಿಂದ ಯಾರಿಗೇನು.

ಡಾರ್ಲಾ ದೊಡ್ಡಮ್ಮನನ್ನು ತನ್ನ ಗಾಡಿಗೆ ಹತ್ತಿಸಿ ಬೆಲ್ಟು ಹಾಕಿದಳು. ಬೈಯಬೇಕು ಎಂದುಕೊಂಡಿದ್ದಳು, ರಾತ್ರಿಯೆಲ್ಲ ಮಾತು ಜೋಡಿಸಿಟ್ಟುಕೊಂಡಿದ್ದಳು. ಈಗ ನೋಡಿದರೆ ಮುದುಕಿ ಮಡಿಲಲ್ಲಿ ಹಾಳೆ ಬಿಡಿಸಿಕೊಂಡು ಮತ್ತೆ ಮೊದಲಿಂದ ಓದುತ್ತಿದ್ದಾಳೆ.

"ಹುಡುಗಿ, ಇದರಲ್ಲಿ ಆ ಊರಿಗೆ ಏನಂತ ಹೆಸರು ಹಾಕಿದಾರೆ?"

"ಹೆಸರಿಲ್ಲ ದೊಡ್ಡಮ್ಮ. ಮೇಲಿದೆಯಲ್ಲ, ಆ ನಂಬರೇ."

"ಅಲ್ಲಿದ್ದೋರಿಗೆ?"

"ಅವರಿಗೂ ಇಲ್ಲ."

ದೊಡ್ಡಮ್ಮ ಹಾಳೆಯನ್ನು ತಿರುವಿ ಹಿಂಬದಿಯನ್ನೂ ನೋಡಿದಳು. ಅಲ್ಲಿ ಏನೂ ಇರಲಿಲ್ಲ.

"ಹಂಗಾದ್ರೆ ಇದರಲ್ಲಿರೋ ಹೆಸರು ನಂದೊಂದೇನಾ?"

ಡಾರ್ಲಾ ಕೀಲಿ ತಿರುಗಿಸಿದಳು. ಗೇಟಿನ ಹತ್ತಿರ ಬರುವಷ್ಟರಲ್ಲಿ ಮಣ್ಣು ತೆಗೆಯುವ ಯಂತ್ರವನ್ನು ಹೇರಿಕೊಂಡ ಉದ್ದನೆಯ ಟ್ರೇಲರ್ ರಸ್ತೆಯಿಂದ ಒಳಕ್ಕೆ ತಿರುಗುತ್ತಿತ್ತು, ಸೋಮವಾರಕ್ಕೆಂದು ಮುಂಚೆಯೇ ತಂದಿಡುವುದಕ್ಕೆ. ಎರಡಕ್ಕೂ ಜಾಗವಿರಲಿಲ್ಲ. ಚಾಲಕ ಒಳ್ಳೆಯವನು, ಹಾರ್ನ್ ಹೊಡೆಯಲಿಲ್ಲ, ಕಿಟಕಿಯಿಂದ ಕೈಯೆತ್ತಿ ಕ್ಷಮಿಸಿ ಎನ್ನುವ ಹಾಗೆ ಸನ್ನೆ ಮಾಡಿ ಕಾದ. ಡಾರ್ಲಾ ಕನ್ನಡಿ ನೋಡಿಕೊಂಡು ಗಾಡಿಯನ್ನು ಹಿಂದಕ್ಕೆ ತೆಗೆದುಕೊಂಡು ದಾರಿ ಬಿಟ್ಟಳು.